ಮೂವತ್ತನೆಯವರು

ಬಸ್ ಕಂಡಕ್ಟರರು ಪ್ರಯಾಣಿಕರ ತಲೆ ಎಣಿಸುವಾಗ ತಮ್ಮ ತಲೆಯನ್ನು ಬಿಟ್ಟು ಎಣಿಸುತ್ತಾರೆ. ಇದು ಮರೆವಲ್ಲ, ಕಸುಬಿನ ನಿಯಮ. ಟಿಕೆಟ್ ಕೊಡುವವರಿಗೆ ಟಿಕೆಟ್ ಇಲ್ಲ. ಟಿಕೆಟ್ ಇಲ್ಲದ ತಲೆ ಲೆಕ್ಕಕ್ಕಿಲ್ಲ. ಇಷ್ಟು ಸಣ್ಣ ನಿಯಮದಿಂದಾಗಿ ಮರಳುಗಾಡಿನ ನಗರವೊಂದರ ದೊಡ್ಡ ಮ್ಯೂಸಿಯಂ ಒಂದು ಮಧ್ಯಾಹ್ನ ತನ್ನ ಹೆಬ್ಬಾಗಿಲು ಮುಚ್ಚಬೇಕಾಯಿತು ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಮುಚ್ಚಿದ್ದು ನಿಜ.

ನಮ್ಮ ಕಂಡಕ್ಟರರು ನಿವೃತ್ತರಾಗಿ ಬಹಳ ದಿನವಾಗಿರಲಿಲ್ಲ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ "ಡ್ಯೂಟಿ ಇತ್ತು" ಎನ್ನುತ್ತಿದ್ದರು, ಮದುವೆ ಎನ್ನುವುದು ಮಧ್ಯಾಹ್ನ ಎರಡಕ್ಕೆ ಮುಗಿದುಹೋಗುವ ಸಮಾರಂಭವೇನೋ ಎಂಬಂತೆ. ಈಗ ಡ್ಯೂಟಿ ಇರಲಿಲ್ಲ. ಕಿಟಕಿಯ ಪಕ್ಕ ಕುಳಿತು, ಬೀದಿಯಲ್ಲಿ ಹೋಗುವ ಬಸ್ಸುಗಳ ಸದ್ದು ಕೇಳಿ, "ಇದು ತಡ, ಇದರ ಕ್ಲಚ್ ಹೋಗಿದೆ" ಎಂದು ಗೋಡೆಗೆ ವರದಿ ಮಾಡುತ್ತಿದ್ದರು. ಗೋಡೆ ಎದುರಾಡುತ್ತಿರಲಿಲ್ಲ.

ಇದನ್ನು ನೋಡಲಾರದೆ ಅವರ ತಂಗಿ ಒಂದು ಪ್ರವಾಸದ ಕಂಪನಿಯಲ್ಲಿ ಅಣ್ಣನಿಗೆ ಸೀಟು ಹಿಡಿದಳು.

"ಜೀವಮಾನವೆಲ್ಲ ಊರವರನ್ನ ಊರು ಮುಟ್ಟಿಸಿದ್ದೀಯ. ಒಂದ್ಸಲ ನೀನೂ ಸೀಟಲ್ಲಿ ಕೂತ್ಕೊಂಡು ಹೋಗಿ ಬಾ. ಮೂವತ್ತು ಜನರ ಗುಂಪಂತೆ. ನಾಲ್ಕು ಜನರ ಪರಿಚಯ ಆದ್ರೂ ಸಾಕು."

"ಅಲ್ಲಿ ನೋಡೋಕೆ ಏನಿದೆ?"

"ಮ್ಯೂಸಿಯಂಗಳು, ಚಿತ್ರಶಾಲೆಗಳು."

"ಮರಳುಗಾಡಲ್ಲಿ ಚಿತ್ರಾನ?"

"ಹೊರಗೆ ನೋಡೋಕೆ ಏನೂ ಇಲ್ಲ ಅಂತಾನೇ ಒಳಗೆ ಇಟ್ಟಿರ್ತಾರೆ. ಸುಮ್ನೆ ಹೋಗಿ ಬಾರೋ."

ಹೊರಡುವ ಮೊದಲು ತಂಗಿ ಎರಡು ಆಜ್ಞೆಗಳನ್ನು ಹೊರಡಿಸಿದಳು. ಕಿವಿಗೆ ಮರಳು ಹೋಗದ ಹಾಗೆ ತಲೆಗೆ, ಮುಖಕ್ಕೆ ಟವೆಲ್ ಸುತ್ತಿಕೊಳ್ಳಬೇಕು. ಪೊರೆ ತೆಗೆಸಿದ ಕಣ್ಣು, ಆದ್ದರಿಂದ ಆಸ್ಪತ್ರೆಯವರು ಕೊಟ್ಟ ದೊಡ್ಡ ಕಪ್ಪು ಕನ್ನಡಕ ತೆಗೆಯಕೂಡದು. ಕಂಡಕ್ಟರರು ತಂಗಿಯ ಮಾತು ಮೀರುವವರಲ್ಲ. ಬಸ್ಸು ಹತ್ತಿದಾಗ ಅವರ ಮೂಗಿನ ತುದಿ ಬಿಟ್ಟರೆ ಮನುಷ್ಯರೆನ್ನಲು ಬೇರೆ ಪುರಾವೆ ಇರಲಿಲ್ಲ.

ಬಸ್ಸಿನಲ್ಲಿ ಎಲ್ಲರೂ ಜೋಡಿ ಜೋಡಿಯಾಗಿ ಕುಳಿತಿದ್ದರು. ಮೆಡಿಕಲ್ ಅಂಗಡಿ ಇಟ್ಟುಕೊಂಡಿದ್ದ ಗಂಡ ಹೆಂಡತಿ. ಅವರ ಮುಂದೆ ನಿವೃತ್ತ ಟೀಚರಮ್ಮ ಮತ್ತು ಅವರ ನಾದಿನಿ. ಹಿಂದಿನಿಂದ ಎರಡನೆಯ ಸಾಲಿನಲ್ಲಿ ಕೋಲು ಹಿಡಿದ ಯಜಮಾನರೊಬ್ಬರು. ಇವರೂ ಒಂಟಿಯೇ, ಆದರೆ ಜೊತೆಗೆ ಅವರ ದೂರುಗಳಿದ್ದವು. ಟೀ ತಣ್ಣಗಿದ್ದರೆ "ದುಡ್ಡು ವಾಪಸ್ ಕೊಡಿ", ಬಿಸಿಲು ಜಾಸ್ತಿಯಾದರೆ "ದುಡ್ಡು ವಾಪಸ್ ಕೊಡಿ". ಹೀಗಾಗಿ ಬಸ್ಸಿನಲ್ಲಿ ಅವರಿಗೆ ರೀಫಂಡ್ ಯಜಮಾನರು ಎಂದೇ ಹೆಸರಾಯಿತು. ಕಂಡಕ್ಟರರಿಗೆ ಸಿಕ್ಕಿದ್ದು ಕಟ್ಟಕಡೆಯ ಸೀಟು. ಪಕ್ಕದಲ್ಲಿ ಅವರ ಬ್ಯಾಗು.

ಮೊದಲ ದಿನ ಅವರ ಚಪ್ಪಲಿಯ ಬಾರು ಕಿತ್ತುಹೋಯಿತು. ಬಗ್ಗಿ ನೋಡುತ್ತಿರುವಾಗ ಮುಂದಿನ ಸೀಟಿನ ಸಂದಿಯಿಂದ ಒಂದು ಕೈ ಬಂತು, ಕೈಯಲ್ಲಿ ಒಂದು ಸೇಫ್ಟಿ ಪಿನ್ನು. "ಈಗಿನ ಚಪ್ಪಲಿಗಳಿಗೆ ಬೆಂಕಿ ಹಾಕ" ಎಂಬ ಮಾತೂ ಅದರ ಹಿಂದೆಯೇ ಬಂತು. ಆಮೇಲೆ ಕೈ ಹೋಯಿತು. ಎರಡು ದಿನಗಳಲ್ಲಿ ಕಂಡಕ್ಟರರ ಜೊತೆ ಯಾರಾದರೂ ಆಡಿದ ಮಾತು ಎಂದರೆ ಅದೊಂದೇ, ಅದನ್ನೂ ಚಪ್ಪಲಿಗೆ ಹೇಳಿದ್ದು.

ಸಂಜೆ ತಂಗಿ ಫೋನ್ ಮಾಡುತ್ತಿದ್ದಳು. "ಇವತ್ತು ಯಾರ ಜೊತೆ ಮಾತಾಡ್ದೆ?"

"ಎಲ್ಲರ ಜೊತೆ."

"ಏನಂದ್ರು?"

"ಚೆನ್ನಾಗಿದೆ ಅಂದ್ರು."

"ಏನು ಚೆನ್ನಾಗಿದೆ ಅಂದ್ರು?"

"ಎಲ್ಲಾನೂ."

ಲಾಡ್ಜಿನ ಕೋಣೆಯಲ್ಲಿ ಎರಡು ಮಂಚಗಳಿದ್ದವು. ಬೆಳಿಗ್ಗೆ ಹೊರಡುವ ಮುನ್ನ ಕಂಡಕ್ಟರರು ತಾವು ಮಲಗದ ಮಂಚದ ಹಾಸಿಗೆಯನ್ನೂ ಸ್ವಲ್ಪ ಕೆದರಿ, ದಿಂಬನ್ನು ಗುದ್ದಿ ತಗ್ಗು ಮಾಡಿ ಹೊರಡುತ್ತಿದ್ದರು. ಕೋಣೆ ಗುಡಿಸುವಾಕೆ ಏನೂ ತಿಳಿಯದವಳಂತೆ ಎರಡನ್ನೂ ಸರಿಮಾಡಿ, ನೀರಿನ ಜಗ್ಗಿನ ಪಕ್ಕ ಎರಡು ಲೋಟ ಇಡುತ್ತಿದ್ದಳು.

ಮೂರನೆಯ ಬೆಳಿಗ್ಗೆ ವಿಧಿ ಟೂರ್ ಮ್ಯಾನೇಜರನ ಹೊಟ್ಟೆಯ ಮೂಲಕ ಕೆಲಸ ಮಾಡಿತು. ಕಂಡಕ್ಟರರು ಎಲ್ಲರಿಗಿಂತ ಕೊನೆಗೆ ಬಂದಾಗ ಅವನು ಬಸ್ಸಿನ ಬಾಗಿಲಲ್ಲಿ ಬಿಲ್ಲಿನಂತೆ ಬಾಗಿ ನಿಂತಿದ್ದ.

"ಸಾರ್, ನೀವು ಕಂಡಕ್ಟರ್ ಆಗಿದ್ರಿ ಅಂತ ನಿಮ್ಮ ತಂಗಿ ಹೇಳಿದ್ರು. ನನ್ನ ಕೈಲಿ ಇವತ್ತು ಆಗಲ್ಲ. ಎಲ್ಲರೂ ಹತ್ತಾಗಿದೆ, ಮೂವತ್ತು ಜನ. ಮ್ಯೂಸಿಯಂ ಹತ್ರ ಗೈಡಮ್ಮ ಸಿಗ್ತಾರೆ. ವಾಪಸ್ ಬರುವಾಗ ಎಣಿಸ್ಕೊಂಡು ಬಂದ್ಬಿಡಿ, ಅಷ್ಟೇ."

ಉತ್ತರಕ್ಕೂ ಕಾಯದೆ ಅವನು ಲಾಡ್ಜಿನ ಒಳಗೆ ಓಡಿದ.

ಕಂಡಕ್ಟರರು ಬಸ್ಸಿನ ಕೆಳಗೇ ನಿಂತು ಟವೆಲ್ ಬಿಚ್ಚಿದರು. ಕಪ್ಪು ಕನ್ನಡಕ ತೆಗೆದರು. ಎರಡನ್ನೂ ಹೆಗಲ ಬ್ಯಾಗಿಗೆ ತುರುಕಿ, ಅದರ ತಳದಿಂದ ವಿಷಲ್ ತೆಗೆದರು. ನಿವೃತ್ತರಾದಾಗ ಬ್ಯಾಡ್ಜು, ಟಿಕೆಟ್ ಮೆಷಿನ್ನು ಎಲ್ಲ ಒಪ್ಪಿಸಿದ್ದರು; ವಿಷಲ್ ಸ್ವಂತದ್ದು. ತಲೆ ಬಾಚಿ, ಕಾಲರ್ ಸರಿಮಾಡಿಕೊಂಡು ಬಾಗಿಲ ಪಕ್ಕ ನಿಂತರು. "ರೈಟ್" ಎಂದರು. ಬಸ್ಸು ಹೊರಟಿತು. ಪ್ರಪಂಚ ಮತ್ತೆ ಹಳಿಗೆ ಬಂದಂತಾಯಿತು.

ಬಸ್ಸಿನವರು ಈ ಹೊಸ ಮುಖವನ್ನು ನೋಡಿ, ಮ್ಯಾನೇಜರನ ಬದಲಿಗೆ ಕಂಪನಿ ಕಳಿಸಿದ ಆಳು ಎಂದುಕೊಂಡರು. ಮ್ಯೂಸಿಯಂ ಬಾಗಿಲಲ್ಲಿ ಕಾಯುತ್ತಿದ್ದ ಗೈಡಮ್ಮನೂ, "ನೀವು ಕಂಪನಿ ಕಡೆಯವರಾ?" ಎಂದು ಕೇಳಿದಳು. ಕಂಪನಿಯ ಬಸ್ಸಿನಲ್ಲಿಯೇ ಬಂದಿದ್ದರಿಂದ ಕಂಡಕ್ಟರರು "ಹೌದಮ್ಮ" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಆಕೆ ತಿಳಿದದ್ದು ನಿಜವಲ್ಲ. ಪ್ರಪಂಚದ ಅರ್ಧ ತೊಂದರೆಗಳು ಹುಟ್ಟುವುದು ಈ ಎರಡರ ನಡುವಿನ ಜಾಗದಲ್ಲೇ.

ಅವತ್ತಿನಷ್ಟು ಜನ ಕಂಡಕ್ಟರರನ್ನು ಹಿಂದೆಂದೂ ಪ್ರವಾಸದಲ್ಲಿ ಮಾತಾಡಿಸಿರಲಿಲ್ಲ. "ಏನ್ರೀ, ನೀರೆಲ್ಲಿ?" "ಏನ್ರೀ, ಇಷ್ಟು ನಡೆಸ್ತೀರಾ?" "ಈ ಚೀಲ ಸ್ವಲ್ಪ ಹಿಡ್ಕೊಳ್ಳಿ." ಅವರು ನೀರು ತಂದರು, ಚೀಲ ಹಿಡಿದರು, ಬೈಗುಳ ತಿಂದರು, ಒಳಗೊಳಗೆ ಅರಳಿದರು.

ಮ್ಯೂಸಿಯಂ ತಂಪಾಗಿತ್ತು. ಮೊದಲ ಕೋಣೆಯಲ್ಲಿ ಒಡೆದ ಮಡಕೆಗಳು, ಎರಡನೆಯದರಲ್ಲಿ ಇನ್ನೂ ಹೆಚ್ಚು ಒಡೆದ ಮಡಕೆಗಳು. ಮೂರನೆಯದು ಬಾಗಿಲುಗಳ ಕೋಣೆ. ಮರಳಿನಲ್ಲಿ ಹೂತುಹೋದ ಹಳೆಯ ಮನೆಗಳಿಂದ ಕಳಚಿ ತಂದ ದೊಡ್ಡ ದೊಡ್ಡ ಮರದ ಬಾಗಿಲುಗಳು, ಚೌಕಟ್ಟು ಸಮೇತ ನೆಲದ ಮೇಲೆ ನಿಂತಿದ್ದವು. ಗೋಡೆಯಿಲ್ಲ, ಮನೆಯಿಲ್ಲ, ಬರೀ ಬಾಗಿಲು. ಟೀಚರಮ್ಮ ಒಂದರ ಮುಂದೆ ಬಹಳ ಹೊತ್ತು ನಿಂತು, "ಇದನ್ನ ಯಾರೋ ದಿನಾ ಸಂಜೆ ತಟ್ಟಿರ್ತಾರೆ ಅಲ್ವಾ" ಎಂದರು. ಹಿಂದೆ ಚೀಲ ಹಿಡಿದು ನಿಂತಿದ್ದ ಕಂಡಕ್ಟರರು ಮಾತ್ರ ತಲೆಯಾಡಿಸಿದರು.

ಕಡೆಯ ಕೋಣೆ ಹೊಸ ಕಾಲದ ಕಲೆಯದ್ದು. ಅಲ್ಲಿ ನೆಲದ ಮಧ್ಯೆ ಆಳೆತ್ತರದ ಮರಳಿನ ರಾಶಿ. ಸುತ್ತ ಹಗ್ಗ. ಮೇಲೊಂದು ದೀಪ.

"ಇದನ್ನ ನೋಡೋಕೆ ಟಿಕೆಟ್ಟಾ?" ಎಂದರು ಮೆಡಿಕಲ್ ಅಂಗಡಿಯವರು. "ನನ್ನ ಶೂ ಒಳಗೆ ಇದಕ್ಕಿಂತ ಜಾಸ್ತಿ ಇದೆ."

"ಇದು ಕಲಾವಿದರ ಏಕಾಂತವನ್ನ ತೋರಿಸುತ್ತೆ" ಎಂದಳು ಗೈಡಮ್ಮ.

"ದುಡ್ಡು ವಾಪಸ್ ಕೊಡಿ" ಎಂದರು ರೀಫಂಡ್ ಯಜಮಾನರು.

ಊಟದ ಹೊತ್ತಾಗಿತ್ತು. ಎಲ್ಲರೂ ಬಸ್ಸು ಹತ್ತಿದರು. ಕಂಡಕ್ಟರರು ಎರಡು ಬೆರಳಿನಿಂದ ಒಂದೊಂದು ಸೀಟಿನ ಕಂಬಿಯನ್ನು ತಟ್ಟುತ್ತ ಹಿಂದಿನವರೆಗೂ ಹೋಗಿ ಬಂದರು. ಮುಖ ಬಿಳಿಚಿಕೊಂಡಿತು. ಮತ್ತೊಮ್ಮೆ ಹೋಗಿ ಬಂದರು.

"ಹೋಲ್ಡಾನ್" ಎಂದರು. "ಇಪ್ಪತ್ತೊಂಬತ್ತೇ ಇದೆ. ಒಬ್ಬರು ಬಂದಿಲ್ಲ."

ಗೈಡಮ್ಮ ತಾನೂ ಎಣಿಸಿದಳು. ಕಂಪನಿಯ ಆಳನ್ನು ಬಿಟ್ಟು ಎಣಿಸಬೇಕೆಂಬುದು ಅವಳಿಗೂ ಗೊತ್ತಿತ್ತಲ್ಲ. ಅವಳಿಗೂ ಇಪ್ಪತ್ತೊಂಬತ್ತೇ ಬಂತು. ಮ್ಯಾನೇಜರನಿಗೆ ಫೋನ್ ಮಾಡಿದರು. ಫೋನ್ ಮಂಚದ ಮೇಲೆ ಹೊಡೆದುಕೊಳ್ಳುತ್ತಿತ್ತು, ಅವನು ಬಚ್ಚಲಲ್ಲಿದ್ದ.

"ನನ್ನ ಸರ್ವೀಸಲ್ಲಿ ಒಬ್ಬ ಪ್ಯಾಸೆಂಜರನ್ನೂ ದಾರೀಲಿ ಬಿಟ್ಟು ಬಂದವನಲ್ಲ" ಎಂದು ಕಂಡಕ್ಟರರು ಬಸ್ಸಿನಿಂದ ಹಾರಿದರು. "ನೀವ್ಯಾರೂ ಇಳೀಬೇಡಿ. ನಾನು ಹುಡುಕಿ ತರ್ತೀನಿ."

ಇಳಿಯಬೇಡಿ ಎಂದರೆ ಕೂತಿರುವ ಬಸ್ಸನ್ನು ಯಾರಾದರೂ ಕಂಡಿದ್ದೀರಾ? ಎಲ್ಲರೂ ಇಳಿದರು. ಕಂಡಕ್ಟರರು ಮುಂದೆ, ವಿಷಲ್ ಊದುತ್ತ, ಹಿಂದೆ ಗೈಡಮ್ಮ, ಅವಳ ಹಿಂದೆ ಇಡೀ ಪ್ರವಾಸ. ಮಡಕೆಗಳ ಹಿಂದೆ ನೋಡಿದರು. ಬಾಗಿಲುಗಳನ್ನು ತೆಗೆದು ನೋಡಿದರು. ಬಾಗಿಲ ಆಚೆಗೂ ಅದೇ ಕೋಣೆ ಇದ್ದದ್ದರಿಂದ ಪ್ರಯೋಜನವಾಗಲಿಲ್ಲ. ಮರಳಿನ ರಾಶಿಯ ಹತ್ತಿರ ಬಂದಾಗ ಮೆಡಿಕಲ್ ಅಂಗಡಿಯವರಿಗೆ ಒಂದು ಯೋಚನೆ ಹೊಳೆಯಿತು.

"ಇದರೊಳಗೆ ಕುಸಿದುಬಿಟ್ಟಿದ್ರೆ?"

ರೀಫಂಡ್ ಯಜಮಾನರ ಕೋಲು ಕಸಿದುಕೊಂಡು, ಹಗ್ಗ ದಾಟಿ, ಮರಳಿನ ರಾಶಿಯನ್ನು ತಿವಿಯತೊಡಗಿದರು. ಎಲ್ಲೋ ಗಂಟೆ ಹೊಡೆದುಕೊಂಡಿತು. ದಪ್ಪ ಮೀಸೆಯ ಭದ್ರತಾ ಅಧಿಕಾರಿ ವಾಕಿಟಾಕಿ ಹಿಡಿದು ಓಡಿ ಬಂದರು.

"ಏನ್ರೀ ಮಾಡ್ತಿದ್ದೀರಿ? ಅದು ಕಲಾಕೃತಿ."

"ಒಳಗೆ ಮನುಷ್ಯರಿರಬಹುದು ಸಾರ್."

"ಕಲಾಕೃತಿ ಒಳಗೆ ಮನುಷ್ಯರಿರಲ್ಲ."

"ಹಾಗಂತ ಬರೆದು ಕೊಡ್ತೀರಾ?" ಎಂದರು ಯಜಮಾನರು, ಕೋಲು ವಾಪಸ್ ಪಡೆಯುತ್ತ.

ಮನುಷ್ಯರು ಕಳೆದುಹೋಗಿದ್ದಾರೆ ಎಂದು ತಿಳಿದ ಮೇಲೆ ಅಧಿಕಾರಿ ಮೆತ್ತಗಾದರು. ವಾಕಿಟಾಕಿಯಲ್ಲಿ ಹೇಳಿ ಹೆಬ್ಬಾಗಿಲು ಮುಚ್ಚಿಸಿದರು. ಎಲ್ಲರನ್ನೂ ಬಾಗಿಲುಗಳ ಕೋಣೆಗೆ ಕರೆತಂದು ಬೆಂಚುಗಳ ಮೇಲೆ ಕೂರಿಸಿದರು.

"ಹೆಸರೇನು?"

ಯಾರಿಗೂ ಗೊತ್ತಿರಲಿಲ್ಲ. ಯಾರು ಕಾಣೆಯಾಗಿದ್ದಾರೆ ಎಂಬುದೇ ಇನ್ನೂ ಗೊತ್ತಾಗಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸೀಟಿನ ಪ್ರಕಾರ ತಮ್ಮನ್ನು ತಾವೇ ಲೆಕ್ಕ ಹಾಕಿಕೊಂಡರು. ಕಡೆಗೆ ಟೀಚರಮ್ಮ ಕೈ ಎತ್ತಿದರು.

"ಹಿಂದಿನ ಸೀಟಿನವರು. ಟವೆಲ್ ಸುತ್ತಿಕೊಂಡು, ಕಪ್ಪು ಕನ್ನಡಕ ಹಾಕಿರ್ತಾರಲ್ಲ, ಅವರು ಇಲ್ಲ."

ಕಂಡಕ್ಟರರ ಬಾಯಿ ತೆರೆಯಿತು. ವಿಷಲ್ ಕೆಳಗೆ ಬಿತ್ತು. ಅವರು ಅದನ್ನು ಎತ್ತಿಕೊಂಡು, ಬ್ಯಾಗನ್ನು ಎದೆಗವಚಿಕೊಂಡರು. ಅದರೊಳಗೆ ಟವೆಲ್ಲೂ ಕನ್ನಡಕವೂ ತೆಪ್ಪಗೆ ಕುಳಿತಿದ್ದವು. "ಅಮ್ಮಾ, ಅದು..." ಎಂದರು.

"ನೀವು ಸುಮ್ನಿರಿ" ಎಂದರು ಅಧಿಕಾರಿ. "ಕಂಪನಿಯವರನ್ನ ಆಮೇಲೆ ವಿಚಾರಿಸ್ತೀನಿ. ಮೂರು ದಿನ ಒಂದೇ ಬಸ್ಸಲ್ಲಿ ಇದ್ದೀರಿ, ಒಬ್ಬರಿಗೂ ಹೆಸರು ಗೊತ್ತಿಲ್ವಾ?"

ಕೋಣೆಯಲ್ಲಿ ಎಲ್ಲರೂ ತಲೆ ತಗ್ಗಿಸಿದರು. ಆಗ ಮೆಡಿಕಲ್ ಅಂಗಡಿಯವರ ಹೆಂಡತಿ ನಿಧಾನವಾಗಿ ಹೇಳಿದರು.

"ಮೊನ್ನೆ ಬಸ್ಸಲ್ಲಿ ನನಗೆ ವಾಂತಿ ಬಂತು. ಹಿಂದಿನಿಂದ ಒಂದು ಕೈ ಕವರ್ ಹಿಡ್ಕೊಂಡು ಬಂತು. ಆಮೇಲೆ ಅದೇ ಕೈ ಒಂದು ನಿಂಬೆಹಣ್ಣು ಕೊಡ್ತು. ತಿರುಗಿ ನೋಡೋಕೆ ನಾಚಿಕೆಯಾಯ್ತು, ನೋಡಲಿಲ್ಲ."

"ನಾನು ಪಕ್ಕದಲ್ಲೇ ಇದ್ದೆನಲ್ಲೇ" ಎಂದರು ಗಂಡ.

"ಇದ್ರಿ. ಗೊರಕೆ ಹೊಡೀತಾ."

ಟೀಚರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ಮಧ್ಯಾಹ್ನ ನಾನು ನಿದ್ದೆ ಹೋದಾಗ ಬಿಸಿಲು ಬೀಳೋ ಕಡೆ ಪರದೆ ಎಳೆದಿರ್ತಿತ್ತು. ಬಸ್ಸು ತಿರುಗಿದ್ರೆ ಆ ಕಡೆ ತೆಗೆದು ಈ ಕಡೆ ಎಳೆದಿರ್ತಿತ್ತು. ನಾನು ಬಸ್ಸಿನಲ್ಲೇ ಅಂಥ ಮೆಷಿನ್ ಇದೆ ಅಂದ್ಕೊಂಡಿದ್ದೆ."

"ನನ್ನ ಚೀಲದ ಹಿಡಿ ಕಿತ್ತೋಗಿತ್ತು, ಯಾರೋ ಗಂಟು ಹಾಕಿಟ್ಟಿದ್ರು" ಎಂದರು ನಾದಿನಿ. "ಅಂಥ ಗಂಟನ್ನ ನಾನು ನೋಡೇ ಇಲ್ಲ. ಬಿಚ್ಚೋಕೇ ಬರಲ್ಲ. ಎರಡು ದಿನದಿಂದ ಚೀಲ ತೆಗೆದಿಲ್ಲ."

ಇಷ್ಟು ಹೊತ್ತಿಗೆ ಹಿಂದಿನ ಸೀಟಿನವರು ದೇವರಿಗಿಂತ ಸ್ವಲ್ಪವೇ ಕೆಳಗೆ ಬಂದು ನಿಂತಿದ್ದರು. ಅಧಿಕಾರಿ ಕಂಡಕ್ಟರರ ಕಡೆ ತಿರುಗಿದರು. "ಈಗ ನೀವು ಹೇಳಿ. ಎಂಥ ಮನುಷ್ಯ ಅವರು?"

ಕಂಡಕ್ಟರರು ನೆಲ ನೋಡಿದರು. "ಹೇಳೋ ಅಂಥದ್ದೇನಿಲ್ಲ ಸಾರ್. ಇದ್ರೂ ಗೊತ್ತಾಗಲ್ಲ, ಇಲ್ದಿದ್ರೂ ಗೊತ್ತಾಗಲ್ಲ."

"ಏನ್ರೀ ಮಾತು ಇದು?" ಟೀಚರಮ್ಮ ಎದ್ದು ನಿಂತರು. ನಲವತ್ತು ಮಕ್ಕಳ ತರಗತಿ ಒಮ್ಮೆಗೇ ಮೌನವಾಗುವಂಥ ದನಿ. "ಅವರ ಕಿರುಬೆರಳಿಗೆ ಸಮ ಇದ್ದೀರಾ ನೀವು? ಅವರಿಲ್ಲದಾಗ ಅವರ ಬಗ್ಗೆ ಹಗುರವಾಗಿ ಮಾತಾಡಬೇಡಿ."

"ತಪ್ಪಾಯ್ತಮ್ಮ."

"ನನ್ನ ಹತ್ರ ಯಾಕೆ? ಸಿಕ್ಕಿದ ಮೇಲೆ ಅವರ ಹತ್ರ ಕ್ಷಮೆ ಕೇಳಿ."

"ಕೇಳ್ತೀನಮ್ಮ" ಎಂದರು ಕಂಡಕ್ಟರರು.

ಅಧಿಕಾರಿ ಧ್ವನಿವರ್ಧಕದಲ್ಲಿ ಪ್ರಕಟಣೆ ಮಾಡಿಸಿದರು. "ತಲೆಗೆ ಟವೆಲ್ ಸುತ್ತಿ, ಕಪ್ಪು ಕನ್ನಡಕ ಧರಿಸಿರುವ ಹಿರಿಯರು ಎಲ್ಲಿದ್ದರೂ ಬಾಗಿಲುಗಳ ಕೋಣೆಗೆ ಬರಬೇಕು. ನಿಮ್ಮವರು ಕಾಯುತ್ತಿದ್ದಾರೆ."

ಮರಳುಗಾಡಿನ ನಗರದಲ್ಲಿ ಇದು ಬುದ್ಧಿವಂತಿಕೆಯ ಪ್ರಕಟಣೆಯಲ್ಲ. ಸ್ವಲ್ಪ ಹೊತ್ತಿನಲ್ಲಿ ಕೋಣೆಯ ತುಂಬ ಟವೆಲ್ ಸುತ್ತಿದ ಹಿರಿಯರಾದರು. ಒಬ್ಬರು ಯಾಕೆ ಕರೆದಿರಿ ಎಂದು ಜಗಳಕ್ಕೆ ನಿಂತರು. ಇಬ್ಬರು ಒಬ್ಬರನ್ನೊಬ್ಬರು ಗುರುತು ಹಿಡಿದು ಹಳೆಯ ಆಫೀಸಿನ ಮಾತು ತೆಗೆದರು. ಎಲ್ಲರಿಗಿಂತ ಕೊನೆಗೆ ಬಂದ ಮುದುಕರೊಬ್ಬರು ಕೋಣೆಯಲ್ಲಿದ್ದ ಅಷ್ಟೂ ಮುಖಗಳನ್ನು ಒಂದೊಂದಾಗಿ ನೋಡಿದರು.

"ನೀವಲ್ಲ ಅಜ್ಜ" ಎಂದಳು ಗೈಡಮ್ಮ. "ಬೇರೆಯವರನ್ನ ಹುಡುಕ್ತಿದ್ದೀವಿ. ನಿಮ್ಮವರು ಎಲ್ಲಿದ್ದಾರೆ?"

"ನಾನು ಒಬ್ಬನೇ ಬಂದಿದ್ದು" ಎಂದರು ಅವರು. "ನಿಮ್ಮವರು ಕಾಯ್ತಿದ್ದಾರೆ ಅಂದ್ರಲ್ಲ, ಅದಕ್ಕೆ ನೋಡೋಣ ಅಂತ ಬಂದೆ. ಇರಲಿ ಬಿಡಮ್ಮ." ಸ್ವಲ್ಪ ಹೊತ್ತು ನಿಂತಿದ್ದು, ಹೊರಟುಹೋದರು.

ಅವರು ಹೋದ ದಾರಿಯನ್ನೇ ನೋಡುತ್ತಿದ್ದ ಕಂಡಕ್ಟರರು ಬ್ಯಾಗನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕೋಣೆಯ ಮೂಲೆಯಲ್ಲಿ ಎಲ್ಲಕ್ಕಿಂತ ಎತ್ತರದ ಬಾಗಿಲು ನಿಂತಿತ್ತು. ಅಧಿಕಾರಿ ಟವೆಲ್ ಸುತ್ತಿದವರನ್ನು ಸಮಾಧಾನ ಮಾಡಿ ಕಳಿಸುವ ಗಡಿಬಿಡಿಯಲ್ಲಿದ್ದಾಗ, ಕಂಡಕ್ಟರರು ಆ ಬಾಗಿಲು ತೆರೆದು ಆಚೆ ಹೋಗಿ ಮುಚ್ಚಿಕೊಂಡರು.

ಬಾಗಿಲು ಮತ್ತೆ ತೆರೆದಾಗ ಹಿಂದಿನ ಸೀಟಿನವರು ಹೊರಬಂದರು.

ಆಮೇಲೆ ನಡೆದದ್ದನ್ನು ಕಂಡಕ್ಟರರು ಬಹಳ ದಿನ ನೆನೆಸಿಕೊಳ್ಳುತ್ತಿದ್ದರು. "ಎಲ್ಲಿಗೆ ಹೋಗಿದ್ರಿ ಅಣ್ಣಾ?" ಎಂದು ಮೆಡಿಕಲ್ ಅಂಗಡಿಯವರ ಹೆಂಡತಿ ಓಡಿ ಬಂದರು. ಟೀಚರಮ್ಮ ಕೈ ಹಿಡಿದುಕೊಂಡು, ಬಿಟ್ಟರೆ ಮತ್ತೆ ಹೋಗಿಬಿಡುತ್ತಾರೆ ಎಂಬಂತೆ ಬಸ್ಸಿನವರೆಗೂ ಬಿಡಲಿಲ್ಲ. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಒಬ್ಬರು ನೀರು ಕೊಟ್ಟರು, ಒಬ್ಬರು ಗಾಳಿ ಬೀಸಿದರು. ನಾದಿನಿ ಚೀಲ ತಂದು, "ಮೊದಲು ಇದನ್ನ ಬಿಚ್ಚಿಕೊಡಿ" ಎಂದರು. ಬಿಚ್ಚಿಕೊಟ್ಟರು. ಬಾಯಿ ಬಿಟ್ಟರೆ ದನಿ ಗುರುತಾದೀತೆಂದು ಎಲ್ಲಕ್ಕೂ ತಲೆಯಾಡಿಸುತ್ತಿದ್ದರು. ಟವೆಲ್ಲಿನ ಅಂಚು ಕಣ್ಣಿನ ಕೆಳಗೆ ಒದ್ದೆಯಾಗಿತ್ತು. ಸೆಕೆ ಇರಬೇಕು.

ರೀಫಂಡ್ ಯಜಮಾನರು ಮಾತ್ರ ಏನೂ ಅನ್ನದೆ ಅವರ ಪಾದಗಳನ್ನು ನೋಡುತ್ತ ನಿಂತಿದ್ದರು.

"ಸದ್ಯ, ಹೊರಡೋಣ" ಎಂದಳು ಗೈಡಮ್ಮ. ಅತ್ತಿತ್ತ ನೋಡಿದಳು. "ಅಯ್ಯೋ, ನಿಮ್ಮ ಕಂಪನಿಯವರು ಎಲ್ಲಿ? ವಿಷಲ್ ಊದ್ತಿದ್ರಲ್ಲ?"

"ಬರ್ತಾರೆ ಬಿಡಿ" ಎಂದರು ಮೆಡಿಕಲ್ ಅಂಗಡಿಯವರು. "ನಡೀರಿ, ಹೊಟ್ಟೆ ತಾಳ ಹಾಕ್ತಿದೆ."

"ಬಿಟ್ಟು ಹೋದ್ರೆ?"

"ಕಂಪನಿಯವರು ತಾನೆ? ಅವರಿಗೆ ದಾರಿ ಗೊತ್ತಿರುತ್ತೆ."

"ಆ ಮನುಷ್ಯರ ಮಾತೂ ಸರಿಯಿರಲಿಲ್ಲ" ಎಂದರು ಟೀಚರಮ್ಮ. "ಇವರ ಬಗ್ಗೆ ಏನೇನೋ ಅಂದ್ಬಿಟ್ರು. ನೀವು ಬೇಜಾರು ಮಾಡ್ಕೋಬೇಡಿ" ಎಂದು ಟವೆಲ್ಲಿಗೆ ಹೇಳಿದರು.

ಡ್ರೈವರು ಎಂಜಿನ್ ಶುರುಮಾಡಿದ. ಯಜಮಾನರು ಮಾತ್ರ ಮೆಟ್ಟಿಲ ಮೇಲೆ ಕೋಲು ಅಡ್ಡ ಹಿಡಿದು ನಿಂತರು.

"ಮರಳು ತೋರಿಸಿದ್ದಕ್ಕೆ ದುಡ್ಡು ವಾಪಸ್ ಕೊಡೋವರೆಗೂ ಬಸ್ ಹೊರಡಕೂಡದು."

"ಈಗ ಬೇಕಾ ಸಾರ್ ಇದು?"

"ಈಗಲೇ ಬೇಕು. ಎಲ್ಲರೂ ಬರೋವರೆಗೂ ನಾನು ಇಲ್ಲೇ ನಿಲ್ತೀನಿ. ಎಲ್ಲರೂ ಅಂದ್ರೆ ಎಲ್ಲರೂ."

ಬಸ್ಸಿನ ತುಂಬ ಗಲಾಟೆಯೆದ್ದಿತು. ಇಬ್ಬರು ಅವರ ರಟ್ಟೆ ಹಿಡಿದು ಮೇಲೆಳೆದುಕೊಂಡರು. ಬಾಗಿಲು ಮುಚ್ಚಿತು. ಬಸ್ಸು ಮುಂದಕ್ಕೆ ಉರುಳಿತು.

"ಹೋಲ್ಡಾನ್."

ಟವೆಲ್ಲಿನ ಒಳಗಿಂದ ಬಂದ ದನಿ. ಆ 'ಹೋಲ್ಡಾನ್' ಕೇಳಿದರೆ ಡ್ರೈವರನ ಕಾಲು ಅವನ ಮಾತು ಕೇಳುವುದಿಲ್ಲ, ಬ್ರೇಕು ಬಿತ್ತು. ಹಿಂದಿನ ಸೀಟಿನವರು ಎದ್ದು ನಿಂತಿದ್ದರು.

"ಒಬ್ಬರು ಬಂದಿಲ್ಲ" ಎಂದರು. ಆಮೇಲೆ ತಾವು ಏನು ಹೇಳಿದೆವೆಂದು ತಿಳಿದು, ಕನ್ನಡಕ ತೆಗೆದರು, ಟವೆಲ್ ಬಿಚ್ಚಿದರು.

ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ಅವರನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದರು.

"ಹಾಗಾದ್ರೆ ಇನ್ನೊಬ್ಬರು?" ಎಂದರು ಟೀಚರಮ್ಮ.

"ಅವರೂ ನಾನೇ ಟೀಚರಮ್ಮ. ನನ್ನ ನಾನು ಎಣಿಸಲಿಲ್ಲ. ಅಭ್ಯಾಸ ಇಲ್ಲ."

ಗೈಡಮ್ಮ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಮೆಡಿಕಲ್ ಅಂಗಡಿಯವರ ಮುಖ ಕೆಂಪಾಯಿತು. "ಊಟ ಇಲ್ಲ, ಮಣ್ಣಿಲ್ಲ, ಮರಳೆಲ್ಲ ತಿವಿದು ಕಲಾಕೃತಿ ಹಾಳು ಮಾಡಿ ಬೈಸ್ಕೊಂಡೆ. ಗೊತ್ತಾದ ಮೇಲಾದ್ರೂ ಹೇಳ್ಬಾರದಿತ್ತೇನ್ರೀ?"

ಕಂಡಕ್ಟರರು ಟವೆಲ್ಲನ್ನು ನಾಲ್ಕು ಮಡಿಕೆ ಮಡಿಸಿದರು. ಬಿಚ್ಚಿ ಮತ್ತೆ ಮಡಿಸಿದರು.

"ನೀವೆಲ್ಲ ಹುಡುಕ್ತಾ ಇದ್ರಿ" ಎಂದರು. "ನಿಲ್ಲಿಸೋಕೆ ಮನಸ್ಸು ಬರಲಿಲ್ಲ."

ಅವರು ಸೀಟುಗಳ ನಡುವಿನ ಹಾದಿಯುದ್ದಕ್ಕೂ ಯಾರ ಮುಖವನ್ನೂ ನೋಡದೆ, ಕಂಬಿಗಳನ್ನೂ ತಟ್ಟದೆ ನಡೆದು, ಕಡೆಯ ಸೀಟಿನಲ್ಲಿ ಕುಳಿತು, ಪಕ್ಕದ ಸೀಟಿನ ಮೇಲೆ ಬ್ಯಾಗು ಇಟ್ಟುಕೊಂಡರು.

"ನನಗೆ ಬೆಳಿಗ್ಗೇನೇ ಗೊತ್ತಿತ್ತು" ಎಂದರು ರೀಫಂಡ್ ಯಜಮಾನರು. "ಚಪ್ಪಲಿಗೆ ಹಾಕಿರೋ ಪಿನ್ನು ನನ್ನದು."

"ಮತ್ತೆ ನೀವಾದ್ರೂ ಬಾಯಿಬಿಡಬಾರದಾ?" ಎಂದರು ಮೆಡಿಕಲ್ ಅಂಗಡಿಯವರು. "ದಿನವಿಡೀ ಎಲ್ಲದಕ್ಕೂ ಬಾಯಿ ಬಿಡ್ತೀರಿ."

"ನಾನು ಬಾಯಿ ಬಿಡೋದು ದೂರಿದ್ದಾಗ. ಈ ಮನುಷ್ಯರ ಮೇಲೆ ನನಗೇನೂ ದೂರಿರಲಿಲ್ಲ. ಇವರು ಹುಡುಕಿಸ್ಕೋತಾ ಇದ್ರು, ನಿಮಗೂ ಬೇರೆ ಕೆಲಸ ಇರಲಿಲ್ಲ." ಯಜಮಾನರು ಕೋಲೂರಿಕೊಂಡು ಹಿಂದಕ್ಕೆ ಹೋದರು. ಕಂಡಕ್ಟರರ ಬ್ಯಾಗನ್ನು ಎತ್ತಿ ಅವರ ತೊಡೆಯ ಮೇಲಿಟ್ಟು, ಖಾಲಿಯಾದ ಸೀಟಿನಲ್ಲಿ ಕುಳಿತರು. "ಇಲ್ಲಿ ಕುಲುಕಾಟ ಜಾಸ್ತಿ" ಎಂದರು. "ಎರಡು ದಿನ ಹೇಗ್ರೀ ಕೂತಿದ್ರಿ? ನಾನಾಗಿದ್ರೆ ದುಡ್ಡು ವಾಪಸ್ ಕೇಳ್ತಿದ್ದೆ."

ಗೈಡಮ್ಮ ಎದ್ದು ಮತ್ತೆ ಎಣಿಸುತ್ತ ಬಂದಳು. ಕಡೆಯ ಸಾಲಿಗೆ ಬಂದು ತಡೆದಳು. "ನಿಮ್ಮನ್ನೂ ಎಣಿಸ್ಲಾ?"

ಕಂಡಕ್ಟರರು ಯೋಚನೆ ಮಾಡುತ್ತಿದ್ದರು.

"ಎಣಿಸಮ್ಮ" ಎಂದರು ಯಜಮಾನರು.

"ಮೂವತ್ತು."

ಆದರೂ ಬಸ್ಸು ಹೊರಡಲಿಲ್ಲ. ಡ್ರೈವರು ಕನ್ನಡಿಯಲ್ಲಿ ನೋಡುತ್ತಿದ್ದ. ಮೆಡಿಕಲ್ ಅಂಗಡಿಯವರ ಹೆಂಡತಿ ತಿರುಗಿ ನೋಡಿದರು, ಟೀಚರಮ್ಮ ತಿರುಗಿದರು, ಒಬ್ಬೊಬ್ಬರಾಗಿ ಎಲ್ಲರೂ ತಿರುಗಿ ಕಡೆಯ ಸೀಟಿನ ಕಡೆ ನೋಡುತ್ತ ಕಾದರು.

ಕಂಡಕ್ಟರರು ಗಂಟಲು ಸರಿಮಾಡಿಕೊಂಡರು.

"ರೈಟ್" ಎಂದರು.

ಸಂಜೆ ಲಾಡ್ಜಿಗೆ ಬಂದಾಗ ಎಂದಿನಂತೆ ಎರಡು ಮಂಚ, ಎರಡು ಲೋಟ. ಮರುದಿನ ಮ್ಯಾನೇಜರನ ಹೊಟ್ಟೆ ಸರಿಯಾಗಿರುತ್ತದೆ, ವಿಷಲ್‌ಗೆ ಕೆಲಸವಿರುವುದಿಲ್ಲ. ಇನ್ನೆರಡು ದಿನ ಕಳೆದರೆ ಕಿಟಕಿ, ಗೋಡೆ. ಫೋನ್ ಹೊಡೆಯಿತು.

"ಇವತ್ತು ಯಾರ ಜೊತೆ ಮಾತಾಡ್ದೆ?"

"ಎಲ್ಲರ..." ಎಂದು ಶುರುಮಾಡಿದವರು ನಿಲ್ಲಿಸಿದರು. "ಇವತ್ತು ನಾನು ಕಳೆದುಹೋಗಿದ್ದೆ ಕಣೇ."

"ಅಯ್ಯೋ, ಆಮೇಲೆ? ಯಾರಾದ್ರೂ ಹುಡುಕಿದ್ರಾ?"

"ಎಲ್ಲರೂ ಹುಡುಕಿದ್ರು. ಮ್ಯೂಸಿಯಂ ಬಾಗಿಲು ಹಾಕಿಸಿ ಹುಡುಕಿದ್ರು. ಅವರ ಜೊತೆ ನಾನೂ ಹುಡುಕ್ದೆ."

ಅಣ್ಣನನ್ನು ತಂಗಿ ಬಲ್ಲಳು. ಕೇಳಬೇಕಾದ್ದನ್ನು ಮಾತ್ರ ಕೇಳಿದಳು.

"ಸಿಕ್ಕಿದ್ಯಾ?"

"ಹ್ಞೂಂ" ಎಂದರು ಕಂಡಕ್ಟರರು. "ಹಿಂದಿನ ಸೀಟಲ್ಲೇ ಇದ್ದೆ."